ಕಾಕಾರ ಕಿಸೆಯಲ್ಲಿ ಫ್ಯೂಜು

ನಿಪ್ಪಾಣಿಯಲ್ಲಿ ಕರೆಂಟು ಹೋದರೆ ಊರೆಲ್ಲ ಶಾಪ ಹಾಕುತ್ತಿತ್ತು. ನಮ್ಮ ಕಾಕಾ ಒಬ್ಬರೇ ಚಪ್ಪಾಳೆ ತಟ್ಟುತ್ತಿದ್ದರು! ತಲೆ ನೆಟ್ಟಗಿತ್ತೇ ಎಂದು ನನ್ನನ್ನು ಕೇಳಬೇಡಿ. ಅವರ ಹೆಂಡತಿ, ನಮ್ಮ ಕಾಕು, ಮದುವೆಯಾದಾಗಿನಿಂದ ಅದನ್ನೇ ಕೇಳುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಕಾಕಾ ಮನೆಗೊಂದು ಕಂಪ್ಯೂಟರ್ ತಂದರು. ಕೊಲ್ಹಾಪುರದ ಗೆಳೆಯರು ಕೊಟ್ಟ ಸಿಡಿಯಲ್ಲಿ ಮಾಹಿತಿ ಜೋಡಿಸಿಡುವ ಒಂದು ಡೇಟಾಬೇಸ್ ಪ್ರೋಗ್ರಾಂ ಇತ್ತು. ಪುಕ್ಕಟೆ! ಮೇಲಾಗಿ ಅದರ ಒಳಗಿನ ಕೋಡನ್ನೂ ಬಿಚ್ಚಿಟ್ಟಿದ್ದರು. ಬೇಕಾದವರು ಓದಿ ತಿದ್ದಬಹುದು. ಇಂಥದ್ದು ಕಾಕಾರ ಕೈಗೆ ಸಿಗಬಾರದಿತ್ತು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ರಕ್ತ ಕೊಡುವವರ ಹೆಸರಿಗೆ ಒಂದು ಟೇಬಲ್, ಅಂದರೆ ಪಟ್ಟಿ, ಮಾಡಲು ಕೂತರು. ಟೇಬಲ್ ಆಗುತ್ತಿರುವಾಗಲೇ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮಾಡಹೋದರೆ, "ಈ ಟೇಬಲ್ ಆಗಲೇ ಇದೆ" ಎಂದಿತು ಯಂತ್ರ. ಹಾಗಾದರೆ ತೋರಿಸು ಎಂದರೆ, "ಅಂಥ ಟೇಬಲ್ಲೇ ಇಲ್ಲ!"

"ಥೇಟ್ ನಿಮ್ಮಂಗ ಐತ್ರಿ ಅದು," ಎಂದಳು ಕಾಕು. "ಮನ್ಯಾಗ ಅದಾರ ಅಂತ ಹೇಳಬೇಕು, ಕರದ್ರ ಇಲ್ಲ!"

ಕಾಕಾ ಇಂಟರ್‌ನೆಟ್ ಇದ್ದ ಕೊಲ್ಹಾಪುರಕ್ಕೆ ಹೋಗಿ, ಆ ಡೇಟಾಬೇಸ್ ಬರೆದ ಪರದೇಶದವರಿಗೆ ಇ-ಮೇಲ್ ಕಳಿಸಿದರು. "ನಮ್ಮಲ್ಲಿ ಹೀಗಾಗುವುದಿಲ್ಲ" ಎಂಬ ಉತ್ತರ ಬಂತು.

"ಹ್ಯಾಂಗ ಆಗತೈತಿ? ಅವರ ಕಡೆ ಕರೆಂಟ್ ಹೋಗಂಗಿಲ್ಲಲ್ಲ!" ಎಂದು ಕಾಕಾ ಕುದಿದರು.

"ಒಂದ್ ಯುಪಿಎಸ್ ತಗೊಂಡ್ರ ಮುಗೀತಲ್ರಿ ಕಾಕಾ?" ಎಂದೆ.

"ಮಾಳಗಿ ಸೋರಿದ್ರ ಮಾಳಗಿ ರಿಪೇರಿ ಮಾಡ್ತಿಯೋ, ಒಳಗ ಕೊಡಿ ಹಿಡ್ಕೊಂಡ್ ಕುಂದರ್ತಿಯೋ ಲೇ?"

ಅಲ್ಲಿಂದ ನಮ್ಮ ಮನೆಯ ಕರೆಂಟು ವಿಚಿತ್ರವಾಗಿ ಹೋಗತೊಡಗಿತು. ಓಣಿಯೆಲ್ಲ ಝಗಝಗ, ನಾವು ಮಾತ್ರ ಕತ್ತಲಲ್ಲಿ! ಕಾಕುವಿನ ಧಾರಾವಾಹಿಯ ಸೊಸೆ ಬಾಗಿಲು ತೆರೆಯುವಷ್ಟರಲ್ಲಿ ಟಿವಿ ಬಂದ್. ಕಾಕು ಲೈನ್‌ಮನ್‌ನನ್ನು ಕರೆಸಿ ತರಾಟೆಗೆ ತೆಗೆದುಕೊಂಡಳು. ಅವನು ಕಂಬ ಹತ್ತಿ ಇಳಿದು, "ಕಂಬದಾಗ ಕರೆಂಟ್ ಐತ್ರಿ ವೈನಿ. ನಿಮ್ಮ ಫ್ಯೂಜ್ ಎಲ್ಲೈತಿ?" ಎಂದ. ಫ್ಯೂಜು ಕಾಕಾರ ಅಂಗಿಯ ಕಿಸೆಯಲ್ಲಿತ್ತು!

ಅರ್ಧಕ್ಕೆ ನಿಂತ ಟೇಬಲನ್ನು ಗುಡಿಸಿ ಹಾಕಿ ಹೊಸದಾಗಿ ಶುರುಮಾಡುವಂತೆ ಅವರು ಕೋಡನ್ನು ತಿದ್ದಿದ್ದರು. ಸರಿಯಾಯಿತೋ ಇಲ್ಲವೋ ತಿಳಿಯಲು ಸರಿಯಾಗಿ ನಡುವೆಯೇ ಕರೆಂಟು ಹೋಗಬೇಕು. ನಾವು ಹೇಳಿದಾಗ ಹೋಗುವ ಕರೆಂಟೇ ಅದು? ಅದಕ್ಕೇ ಎಂಟರ್ ಒತ್ತಿ, ಲುಂಗಿ ಎತ್ತಿಕೊಂಡು ಪಡಸಾಲೆಗೆ ಓಡಿ, ತಾವೇ ಫ್ಯೂಜು ಕೀಳುತ್ತಿದ್ದರು. ಅವರು ಮುಟ್ಟುವಷ್ಟರಲ್ಲಿ ಟೇಬಲ್ ಆಗಿಹೋಗಿರುತ್ತಿತ್ತು!

ಕಾಕು ಸಿಡಿದಳು. "ಆ ಟೇಬಲ್ ಇಲ್ದ ಯಾರ ಜೀವ ಹೋಗಾಕತ್ತೈತ್ರಿ?"

"ನಿಂದ ಹೋಗತಿತ್ತಲ್ಲ," ಎಂದರು ಕಾಕಾ ಮೆಲ್ಲಗೆ. "ನಿನ್ನ ಹೆರಿಗಿ ಹೊತ್ತಿನ್ಯಾಗ. ನಿನ್ನ ಗ್ರೂಪಿನ ರಕ್ತದಾಂವ ಒಬ್ಬ ರಾಯಬಾಗದಾಗ ಸಿಗೂ ತನಕ ಎಷ್ಟ್ ಮಂದಿ ಬಾಗಿಲಾ ಬಡದೀನಿ, ನಿನಗ ಗೊತ್ತಿಲ್ಲ. ಇನ್ನೊಮ್ಮೆ ಹಂಗ ಓಡೂದು ನನ್ನಿಂದ ಆಗಂಗಿಲ್ಲ."

ಆ ಸಂಜೆ ಧಾರಾವಾಹಿಯ ಸೊಸೆ ಬಾಗಿಲಿಗೆ ಕೈಯಿಟ್ಟಾಗ ಕಾಕು ತಾನೇ ಎದ್ದು ಹೋಗಿ ಫ್ಯೂಜಿನ ಹತ್ತಿರ ನಿಂತಳು.

"ಹ್ಞೂಂ, ಒತ್ರಿ!"

ಮನೆ ಕತ್ತಲಾಯಿತು. ಫ್ಯೂಜು ಮರಳಿ ಹಾಕಿದ ಮೇಲೆ ಯಂತ್ರ ಯಾವ ತಕರಾರೂ ಇಲ್ಲದೆ ಟೇಬಲ್ ಮಾಡಿತು. (ಪರದೇಶದವರೂ ಆಮೇಲೆ ಆ ತಿದ್ದುಪಡಿಯನ್ನು ಒಪ್ಪಿಕೊಂಡರು, ಆ ಮಾತು ಬೇರೆ.) ಕಾಕು ಬಂದು ಕಾಕಾರ ಹೆಗಲ ಮೇಲೆ ಕೈಯಿಟ್ಟಳು.

"ಮೊದಲ ನನ್ನ ಹೆಸರ ಬರೀರಿ. ಇನ್ನ್ಯಾರದರ ಗಂಡ ಹಂಗ ಓಡೂದು ಬ್ಯಾಡ."