ಸಾಸಿವೆಯ ಸ್ವಭಾವ ಪರೀಕ್ಷೆ

ಆಗ್ಲಿ ಸಾರ್ ಕುಕ್ಕರುಗಾಲಲ್ಲಿ ಕೂತು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ ನಾಯಿಯ ಮೂತಿ ಒರೆಸುತ್ತಿದ್ದರು. ಇಲಿ ಕಚ್ಚಿದ ಗಾಯ ಮೇಲೆ ಕಾಣುವುದಕ್ಕಿಂತ ಒಳಗೆ ಆಳ. ತೊಳೆಯದೆ ಬಿಟ್ಟರೆ ಕೀವು ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಎಂಟು ಗಂಟೆಯೊಳಗೇ ಹನ್ನೊಂದು ಇಲಿ ಮುಗಿಸಿ ಬಂದಿದ್ದ ಸಾಸಿವೆ, ಗಡ್ಡ ಎತ್ತಿ, ಕಣ್ಣು ಅರೆ ಮುಚ್ಚಿ, ಊರಿಗೆ ಹೊರಟ ಮಗು ಮುಖ ತೊಳೆಸಿಕೊಳ್ಳುವ ಹಾಗೆ ಕೂತಿತ್ತು.

ಎಡಗಿವಿಯ ಹಿಂದೆ ಒಂದು ಗಾಯ ಬಾಕಿ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿ, ಮೂಟೆ ತೂಗುವ ತೂಕದವನ ನೆರಳು ಬಿತ್ತು.

"ಏನ್ ಸಾರ್, ಕಾಗದ ಹೋಯ್ತಾ?"

"ಹೋಗತ್ತಪ್ಪ, ಇವತ್ತೋ ನಾಳೆಯೋ," ಅಂದರು ಆಗ್ಲಿ ಸಾರ್, ನಗುನಗುತ್ತ.

ಅವರು ನಕ್ಕಿದ್ದೇ ತಡ, ಮಗುವಿನಂತೆ ಕೂತಿದ್ದ ನಾಯಿ, ಕಾದ ಎಣ್ಣೆಗೆ ಬಿದ್ದ ಸಾಸಿವೆಯೇ ಆಗಿಹೋಯಿತು. ಚಟ್ ಅಂತ ಸಿಡಿದು, ಹಗ್ಗ ಇದ್ದಷ್ಟೂ ಉದ್ದಕ್ಕೆ ಹಾರಿ, ತೂಕದವನ ಪ್ಯಾಂಟಿನ ಅಂಚನ್ನು ಮೊಣಕಾಲಿನವರೆಗೂ ಸೀಳಿತು. ಕಾಲಿಗೆ ಹಲ್ಲು ತಾಗಿರಲಿಲ್ಲ. ಆದರೂ ತೂಕದವನು ಹಾಕಿದ ಕೂಗಿಗೆ ಗೋದಾಮಿನ ತಗಡಿನ ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಎದ್ದು ಎರಡು ಸುತ್ತು ಹಾಕಿ ಕೂತವು.

ಅದು ಧಾನ್ಯದ ಗೋದಾಮು. ಆಗ್ಲಿ ಸಾರ್ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಯಾರು ಏನು ಕೇಳಿದರೂ "ಆಗ್ಲಿ ಬಿಡಿ" ಅನ್ನುವುದು ಅವರ ಅಭ್ಯಾಸ. ಎದ್ದೇಳಿ ಅಂದರೂ ಆಗ್ಲಿ, ಕೂತ್ಕೊಳ್ಳಿ ಅಂದರೂ ಆಗ್ಲಿ. ಹೋದ ವರ್ಷ ಹೆಡ್ಡಾಫೀಸು ಇಲಿ ಹಿಡಿಯಲು ಒಂದು ಟೆರಿಯರ್ ನಾಯಿ ಕಳಿಸಿ, ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದಾಗ ಎಲ್ಲರೂ ಒಟ್ಟಿಗೆ ತಿರುಗಿ ನೋಡಿದ್ದು ಅವರನ್ನೇ. ಅವರು ಅಂದದ್ದೂ ಅದನ್ನೇ.

ಇಲಿಯ ವಿಷಯದಲ್ಲಿ ಸಾಸಿವೆ ಚಿನ್ನ. ಮನುಷ್ಯರ ವಿಷಯದಲ್ಲಿ ಮಾತ್ರ ಯಾವಾಗ ಏನು ಮಾಡುತ್ತದೆ ಎಂದು ಹೇಳುವಂತಿರಲಿಲ್ಲ. ಮೂಟೆ ಹೊರುವವರು ಬಾಲ ತುಳಿದರೂ ಸುಮ್ಮನಿರುತ್ತಿತ್ತು. ತೂಕದವನೋ ಮ್ಯಾನೇಜರೋ ಹತ್ತು ಹೆಜ್ಜೆ ದೂರದಲ್ಲಿದ್ದರೂ ಹಲ್ಲು ಕಾಣಿಸುತ್ತಿತ್ತು. ಹಾಗಾಗಿ ಎಂಟು ತಿಂಗಳ ಹಿಂದೆಯೇ ಮ್ಯಾನೇಜರು, ನಾಯಿಯನ್ನು ವಾಪಸು ಕರೆಸಿಕೊಳ್ಳಿ ಎಂದು ಹೆಡ್ಡಾಫೀಸಿಗೆ ಕಾಗದ ಬರೆಯಲು ಹೇಳಿದ್ದರು. ಆಗ್ಲಿ ಸಾರ್ ಆಗ್ಲಿ ಅಂದರು, ಬರೆದರು, ಅಂದವಾಗಿ ನಕಲೂ ತೆಗೆದರು. ಕಳಿಸಲಿಲ್ಲ ಅಷ್ಟೆ. ಒಂದು ತಿಂಗಳು ಲಕೋಟೆ ಮುಗಿದಿತ್ತು. ಒಂದು ತಿಂಗಳು ಅಂಟು ಒಣಗಿತ್ತು. ಇನ್ನೊಂದು ತಿಂಗಳು 'ಕೋಪಿಷ್ಠ' ಅನ್ನುವುದೋ 'ಮುಂಗೋಪಿ' ಅನ್ನುವುದೋ ಎಂಬ ಯೋಚನೆಯಲ್ಲೇ ಕಳೆಯಿತು. 'ಸ್ವಭಾವ ಸರಿಯಿಲ್ಲ' ಎಂದು ವಾಪಸು ಹೋದ ನಾಯಿಗೆ ಎರಡನೇ ಕೆಲಸ ಸಿಗುವುದಿಲ್ಲ. ಅಂಥವನ್ನು ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ತೂಕದವನು ಹರಿದ ಪ್ಯಾಂಟು ಹಿಡಿದುಕೊಂಡೇ ಮ್ಯಾನೇಜರ ಕೋಣೆಗೆ ಹೋದ. ಐದು ನಿಮಿಷಕ್ಕೆ ಮ್ಯಾನೇಜರೇ ಹೊರಗೆ ಬಂದರು.

"ಮಧ್ಯಾಹ್ನ ಹೆಡ್ಡಾಫೀಸಿಂದ ನಾಯಿ ಪರೀಕ್ಷೆ ಮಾಡೋರು ಬರ್ತಾರೆ. ಅವರ ಸಹಿ ಹಾಕಿಸಿ, ನಾಲ್ಕು ಗಂಟೆ ಟಪಾಲಿಗೆ ಆ ಕಾಗದ ಹೋಗಬೇಕು. ಇವತ್ತು ತಪ್ಪಬಾರದು. ಆಯ್ತಾ?"

"ಆಗ್ಲಿ ಸಾರ್," ಅಂದರು ಇವರು. ಸಾಸಿವೆ ಗುರ್ ಅಂದಿತು.

ಸುದ್ದಿ ಹಬ್ಬಿದ್ದೇ ತಡ, ಗೋದಾಮಿನಲ್ಲಿ ಎಲ್ಲರೂ ನಾಯಿ ಪಂಡಿತರಾದರು. ಪ್ಯಾಂಟಿಗೆ ಪಿನ್ನು ಚುಚ್ಚಿಕೊಂಡು ಬಂದ ತೂಕದವನೇ ಮೊದಲಿಗ. "ಸಾರ್, ಇದಕ್ಕೆ ಯಜಮಾನ ಯಾರು ಅಂತ ಗೊತ್ತಾಗಬೇಕು. ಅಂಗಾತ ಕೆಡವಿ. ಎದೆ ಮೇಲೆ ಕೈ ಊರಿ. ಕಣ್ಣಲ್ಲಿ ಕಣ್ಣಿಟ್ಟು ಗುರಾಯಿಸಿ."

ಆಗ್ಲಿ ಸಾರ್ ಕೆಡವಿದರು. ಹೊಟ್ಟೆ ತುರಿಸುತ್ತಾರೆಂದುಕೊಂಡ ಸಾಸಿವೆ ನಾಲ್ಕೂ ಕಾಲು ಮೇಲೆತ್ತಿತು. ಅವರು ಗುರಾಯಿಸಿದರು. ಇಪ್ಪತ್ತೆರಡು ವರ್ಷ ಯಾರನ್ನೂ ಗುರಾಯಿಸದ ಕಣ್ಣು, ಅರ್ಧ ನಿಮಿಷಕ್ಕೆ ನೀರು ಸುರಿಸಿತು. ನಾಯಿ ಪಾಪ ಅನ್ನಿಸಿ ಕೆನ್ನೆ ನೆಕ್ಕಿತು.

"ಹಂಗಲ್ಲ, ಹಿಂಗೆ!" ಎಂದು ಬಗ್ಗಿದ ತೂಕದವನು, ಮರುಕ್ಷಣ ಒಂದು ತೋಳು ಕಡಿಮೆಯಾದ ಅಂಗಿಯಲ್ಲಿ ಎದ್ದು ನಿಂತ.

ಮ್ಯಾನೇಜರದು ಸುತ್ತಿದ ಪೇಪರಿನ ಚಿಕಿತ್ಸೆ. "ಮೂತಿಗೆ ಒಂದು ಕೊಡಿ, ಸರಿಹೋಗತ್ತೆ" ಎಂದು ತಾವೇ ಎತ್ತಿ ತೋರಿಸಿದರು. ಆ ದಿನದ ಪೇಪರು ಸಾಸಿವೆಯ ಬಾಯಲ್ಲಿ ಮದುವೆಯೂಟದ ಹಪ್ಪಳದ ಗತಿ ಕಂಡಿತು. ಅವರು ಇನ್ನೂ ಓದಿರಲಿಲ್ಲ.

ಗೋಣಿ ಹೊಲಿಯುವ ಅಕ್ಕ ಮಾತ್ರ ದಬ್ಬಳ ಬಾಯಲ್ಲಿ ಕಚ್ಚಿಕೊಂಡು ನಗುತ್ತಿದ್ದಳು. "ನನ್ನ ಸೆರಗಿನ ಮೇಲೇ ಮಲಗತ್ತಪ್ಪ ಇದು. ನೀವು ಏನು ಮಾಡಿದ್ರೋ ಅದಕ್ಕೆ!"

ಊಟಕ್ಕೆ ಆಗ್ಲಿ ಸಾರ್ ನಾಯಿಯನ್ನೂ ಕರಕೊಂಡು ಗೋದಾಮಿನ ಹಿಂದಿನ ಸಾಲಿನಲ್ಲಿದ್ದ ತಮ್ಮ ಮನೆಗೆ ಹೋದರು. ಬಾಗಿಲಲ್ಲಿರುವ ಒಂದೇ ಒಂದು ಕೈಕುರ್ಚಿಯಲ್ಲಿ, ನಾಲ್ಕು ದಿನಕ್ಕೆಂದು ಬಂದು ಮೂರು ವರ್ಷವಾಗಿದ್ದ ಬಾಮೈದ ಕಾಲು ಚಾಚಿದ್ದ.

"ಬನ್ನಿ ಭಾವ, ಕೂತ್ಕೊಳ್ಳಿ," ಎಂದು ನೆಲ ತೋರಿಸಿದ.

"ಆಗ್ಲಿಪ್ಪ, ನೀನು ಏಳಬೇಡ," ಅಂದರು ಭಾವ. ಸಾಸಿವೆ ಕುರ್ಚಿಯ ಕಾಲನ್ನೇ ಕಚ್ಚಿ ಹಿಡಿಯಿತು.

ಹೆಂಡತಿ ಬಡಿಸುತ್ತ, "ಸೊಪ್ಪಿಗೆ ಉಪ್ಪು ಸರಿ ಇದೆಯಾ?" ಅಂದಳು.

"ಇದಕ್ಕೆ ಉಪ್ಪು ಅಂತಾರಾ? ದಿನಾ ಇದೇ ಗೋಳು!" ಎಂದು ಅವರು ಸಿಡುಕಿದರು. ನಾಯಿ ಅವಳ ಪಾದದ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿತು.

"ನೋಡಿ, ಭೂಮಿ ಮೇಲೆ ನಿಮ್ಮ ಕೈಲಿ ಬೈಸಿಕೊಳ್ಳೋಳು ನಾನೊಬ್ಬಳೇ," ಅಂದಳು ಅವಳು. "ಇವತ್ತಾದ್ರೂ ಆ ಮ್ಯಾನೇಜರಿಗೆ ಬಾಯಿಬಿಟ್ಟು 'ಆಗಲ್ಲ' ಅನ್ನಿ. ಇದರ ಪ್ರಾಣ ಹೋಗೋ ವಿಷಯ. ಸುಮ್ಮನೆ ಲಕೋಟೆ ಬಚ್ಚಿಟ್ಟರೆ ಆಯ್ತಾ?"

ಅವರು ಎಲೆಯ ಮುಂದಿಂದ ಎದ್ದಾಗ ಅನ್ನ ಹಾಗೇ ಉಳಿದಿತ್ತು.

ಎರಡು ಗಂಟೆಗೆ ಪರೀಕ್ಷೆಯಮ್ಮ ಬಂದರು. ಐವತ್ತು ದಾಟಿದ ಸಣ್ಣ ಆಕೆ, ಭುಜಕ್ಕೊಂದು ಚೀಲ. ಬಲಗೈ ಕಿರುಬೆರಳಿನ ತುದಿ ಇರಲಿಲ್ಲ. ಯಾವ ನಾಯಿ ತಿಂದದ್ದೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮೊದಲು ಮೂಲೆಯ ಮೂಟೆ ಸರಿಸಲು ಹೇಳಿದರು. ಒಂದು ಹೆಗ್ಗಣ ಓಡಿತು. ಸಾಸಿವೆ ಹಾರಿ, ಒಂದೇ ಸಲ ಕೊಡವಿ ಮುಗಿಸಿ, ಅದನ್ನು ಅವರ ಕಾಲ ಬಳಿ ಇಟ್ಟಿತು.

"ಬಾಲ ನೋಡಿದ್ರಾ? ಅಲ್ಲಾಡ್ತಿತ್ತು," ಅಂದರು ಆಕೆ. "ಇದು ಸಿಟ್ಟಲ್ಲ, ಕೆಲಸ. ಇಲಿ ಮೇಲೆ ಇದಕ್ಕೆ ದ್ವೇಷ ಇಲ್ಲ. ಈಗ ಆ ತೂಕದವರು ನಡಕೊಂಡು ಬರಲಿ."

ತೂಕದವನು ಬಲಿಗೆ ಹೊರಟವನಂತೆ ಬಂದ. ಹಗ್ಗ ಹಿಡಿದಿದ್ದ ಆಗ್ಲಿ ಸಾರ್ ಮುಗುಳ್ನಕ್ಕರು. ಸಾಸಿವೆಯ ಬಾಲ ಗೂಟದ ಹಾಗೆ ನಿಂತಿತು, ಹಲ್ಲು ಹೊರಬಂತು. ಮ್ಯಾನೇಜರು ಬಂದರು. ಅದೇ ಕತೆ, ಇನ್ನೂ ಜೋರು.

"ಹಗ್ಗ ಆ ಹೊಲಿಯೋ ಅಕ್ಕನ ಕೈಗೆ ಕೊಡಿ."

ಅಕ್ಕ ಹಗ್ಗ ಹಿಡಿದಳು. ತೂಕದವನು ಬಂದರೆ ಸಾಸಿವೆ ಆಕಳಿಸಿತು. ಮ್ಯಾನೇಜರು ಬಂದರೆ ಬೂಟು ಮೂಸಿ, ರುಚಿಯಿಲ್ಲ ಅನ್ನುವಂತೆ ಮುಖ ತಿರುಗಿಸಿತು. ಹಗ್ಗ ಮತ್ತೆ ಆಗ್ಲಿ ಸಾರ್ ಕೈಗೆ ಬಂತು. ಹಲ್ಲೂ ಬಂತು.

ಪರೀಕ್ಷೆಯಮ್ಮ ಅಕ್ಕನನ್ನು ಕೇಳಿದರು, "ಮ್ಯಾನೇಜರ ಮೇಲೆ ನಿನಗೆ ಕೋಪ ಬರಲ್ವಾ?"

"ಬರದೇ ಏನು? ಬಂದಾಗ ಅಲ್ಲೇ ಮುಖಕ್ಕೆ ಹೇಳಿಬಿಡ್ತೀನಿ. ಒಳಗೆ ಏನೂ ಇಟ್ಕೊಳ್ಳಲ್ಲ."

"ಸರಿ." ಆಕೆ ಆಗ್ಲಿ ಸಾರ್ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ಹಲ್ಲು ನಾಯಿದು ಸ್ವಾಮಿ, ಸಿಟ್ಟು ನಿಮ್ಮದು. ಹಗ್ಗದಲ್ಲಿ ಹರಿದು ಬರ್ತಿದೆ. ನೀವು ನಗುವಾಗ ನಿಮ್ಮ ಮುಷ್ಟಿ ಬಿಗಿಯಾಗತ್ತೆ. ಅದು ಇದಕ್ಕೆ ಗೊತ್ತಾಗತ್ತೆ."

ಒಬ್ಬೊಬ್ಬರೂ, ತಮಗೆ ನಾಯಿ ಎಷ್ಟು ಸಲ ಬೊಗಳಿದೆ ಎಂದು ಮನಸ್ಸಿನಲ್ಲೇ ಎಣಿಸತೊಡಗಿದರು.

"ಅಂದ್ರೆ ಸಾರ್," ತೂಕದವನು ಹರಿದ ಅಂಗಿ ನೋಡಿಕೊಂಡ, "ನನ್ನ ಮೇಲೆ ನಿಮಗೆ ಕೋಪಾನಾ?"

"ಛೆ ಛೆ, ಇಲ್ಲಪ್ಪಾ..."

ಗುರ್ರ್.

"ಹೇಳಿಬಿಡಿ," ಅಂದರು ಪರೀಕ್ಷೆಯಮ್ಮ. "ನೀವು ಆಡದೇ ಇದ್ದದ್ದನ್ನೇ ಇದು ಆಡ್ತಿರೋದು."

ಆಗ್ಲಿ ಸಾರ್ ಗಡಿಯಾರ ನೋಡಿದರು. ಮೂರೂ ಕಾಲು. ಮೇಜಿನ ಮೇಲೆ ಲಕೋಟೆ ಇತ್ತು. ಕಾಲ ಬಳಿ, ಅವರ ಸಿಟ್ಟನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡು ಸಾಯಲು ಹೊರಟಿದ್ದ ಸಣ್ಣ ಪ್ರಾಣಿ ಮೈಯೆಲ್ಲ ಬಿಗಿಹಿಡಿದು ನಿಂತಿತ್ತು. ಅದರ ಬೆನ್ನು ನಡುಗುತ್ತಿದ್ದುದು ಅವರಿಗೆ ಈಗಷ್ಟೇ ಕಂಡಿತು.

"ಕಿಟಕಿ," ಅಂದರು.

"ಏನು ಸಾರ್?"

"ಕಿಟಕಿ ಪಕ್ಕದ ಮೇಜು. ಅದು ನನ್ನದು. ಆರು ವರ್ಷದ ಹಿಂದೆ ಜ್ವರ ಬಂದು ಒಂದು ವಾರ ಮಲಗಿದ್ದೆ. ಎದ್ದು ಬಂದಾಗ ನೀನು ಕೂತಿದ್ದೆ. ಇವತ್ತಿಗೂ ನಾನು ಗೋಡೆ ನೋಡ್ಕೊಂಡು ಬರೀತಿದೀನಿ." ಅವರು ಉಸಿರು ತಗೊಂಡು ಮ್ಯಾನೇಜರ ಕಡೆ ತಿರುಗಿದರು. "ಮತ್ತೆ ನೀವು ಸಾರ್! ಗಂಟೆ ಹೊಡೆದ ಮೇಲೆ 'ಐದೇ ನಿಮಿಷ' ಅಂತ ದಿನಾ ಕೂರಿಸ್ತೀರಿ. ನಾನು ಬರೆದ ವರದಿಗೆಲ್ಲ ನಿಮ್ಮ ಹೆಸರು. ನನ್ನ ಹೆಸರೇನು ಅಂತ ಹೇಳಿ ನೋಡೋಣ? ಗೊತ್ತಿಲ್ಲ! ಈ ನಾಯಿನ ಕಳಿಸು ಅಂತೀರಿ. ಆಗಲ್ಲ! ಕೇಳಿಸ್ತಾ? ಆಗಲ್ಲ ಅಂದ್ರೆ ಆಗಲ್ಲ!"

ಕೊನೆಯ ಮಾತಿಗೆ ಪಾರಿವಾಳಗಳು ಮತ್ತೆ ಎದ್ದವು. ತೂಕದವನು ಎರಡು ಹೆಜ್ಜೆ ಹಿಂದೆ ಸರಿದ. ಮ್ಯಾನೇಜರು ಮೂಟೆಯ ಹಿಂದೆ ಹೋದರು.

ಸಾಸಿವೆ ದೊಡ್ಡದಾಗಿ ಮೈ ಕೊಡವಿ, ಮೂರು ಸುತ್ತು ಸುತ್ತಿ, ಹಗ್ಗದ ಮೇಲೇ ಮಲಗಿ ಗೊರಕೆ ಹೊಡೆಯಿತು.

ಪರೀಕ್ಷೆಯಮ್ಮ ನಕ್ಕು ಚೀಲದಿಂದ ಹಾಳೆ ತೆಗೆದು ಬರೆದರು: 'ನಾಯಿ ಅತ್ಯುತ್ತಮ. ಇಲ್ಲಿಯೇ ಇರಲಿ. ಸ್ವಭಾವದ ದೋಷವೇನಿದ್ದರೂ ಹಗ್ಗದ ಇನ್ನೊಂದು ತುದಿಯಲ್ಲಿದೆ.' ಸಹಿ ಹಾಕಿ, ಸಾಸಿವೆಯ ತಲೆ ಸವರಿ, ಮುಂದಿನ ಗೋದಾಮಿಗೆ ಹೊರಟರು. ಆಗ್ಲಿ ಸಾರ್‌ಗೆ ಎದೆಯ ಮೇಲಿಂದ ನೂರು ಮೂಟೆ ಇಳಿಸಿದಷ್ಟು ಹಗುರವಾಗಿತ್ತು. ನಾಯಿ ಉಳಿಯಿತು. ಇಷ್ಟು ಸುಲಭವೇ ಇದು? ಮೊದಲೇ ಒಂದು ಸಲ ಬಾಯಿ ಬಿಟ್ಟಿದ್ದರೆ!

ಮ್ಯಾನೇಜರು ಮೂಟೆಯ ಹಿಂದಿನಿಂದ ಬಂದರು. ಹಾಳೆಯನ್ನು ಎರಡು ಸಲ ಓದಿದರು.

"ನಾಲ್ಕು ಗಂಟೆ ಟಪಾಲಿಗೆ ಕಾಗದ ಹೋಗಲೇಬೇಕು," ಅಂದರು.

"ಆದ್ರೆ ಸಾರ್, ನಾಯಿ ಉತ್ತಮ ಅಂತ ಅವರೇ..."

"ನಾಯಿ ಉತ್ತಮವೇ. ಅದು ಇಲ್ಲೇ ಇರತ್ತೆ, ಹೊಲಿಯೋಳು ನೋಡ್ಕೋತಾಳೆ. ನೀವು ಇನ್ನೊಂದು ತುದಿ ಓದಿ. ಇವತ್ತು ಕೂಗಿದ್ದೀರಿ, ನಾಳೆ ಕಚ್ಚೋದಿಲ್ಲ ಅಂತ ಏನು ಖಾತರಿ? ಇಲ್ಲಿ ಎಲ್ಲರೂ ಸಂಸಾರಸ್ಥರು." ಎಲ್ಲರೂ ಹೌದೆಂದು ತಲೆ ಆಡಿಸಿದರು. "ಹೊಸದಾಗಿ ಬರೆಯೋದೇನೂ ಬೇಡ. ಇರೋದನ್ನೇ ಇನ್ನೊಂದು ನಕಲು ತೆಗೀರಿ. 'ಶ್ವಾನ' ಇದ್ದ ಕಡೆ 'ಗುಮಾಸ್ತ' ಅಂತ ಹಾಕಿ. ನಿಮ್ಮ ಅಕ್ಷರ ಚೆನ್ನಾಗಿದೆ."

ಬರೆಯಲು ಎರಡು ಕೈ ಬೇಕು. ಆಗ್ಲಿ ಸಾರ್ ಹಗ್ಗವನ್ನು ತೂಕದವನ ಕಡೆ ಚಾಚಿದರು. ತೂಕದವನು ಒಮ್ಮೆ ಮ್ಯಾನೇಜರನ್ನು ನೋಡಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಉಳಿದವರಿಗೆಲ್ಲ ಅದೇ ಹೊತ್ತಿಗೆ ಬೇರೆ ಕೆಲಸ ನೆನಪಾಯಿತು. ಗೋಣಿಯ ಅಕ್ಕ ಆ ತುದಿಯ ಮಳಿಗೆಗೆ ಹೋಗಿದ್ದಳು.

"ಕೊಡಿ ಇಲ್ಲಿ," ಅಂದರು ಮ್ಯಾನೇಜರು. "ನನಗೆ ಯಾರ ಮೇಲೂ ಏನೂ ಇಲ್ಲ."

ಆಗ್ಲಿ ಸಾರ್ ಗೋಡೆ ನೋಡಿಕೊಂಡು ಬರೆದರು. 'ಮೂಷಿಕ ನಿವಾರಣೆಯ ಸಲುವಾಗಿ ಈ ಗೋದಾಮಿಗೆ ಒದಗಿಸಲಾದ ಗುಮಾಸ್ತನು ಸ್ವಭಾವತಃ ಕೋಪಿಷ್ಠನಾಗಿದ್ದು, ಸಿಬ್ಬಂದಿಯೊಡನೆ ಹೊಂದಿಕೊಳ್ಳಲಾರದ ಕಾರಣ, ಆದಷ್ಟು ಬೇಗ ಇವನನ್ನು ಇಲ್ಲಿಂದ ಸಾಗಿಸಬೇಕಾಗಿ ಕೋರಿಕೆ.' ಓದಿ ನೋಡಿದರು. ತಪ್ಪೇನೂ ಕಾಣಲಿಲ್ಲ. ಮಡಚಿ, ಮೇಜಿನ ಮೇಲಿದ್ದ ಹಳೆಯ ಲಕೋಟೆಗೇ ಹಾಕಿ, ಅಂಟಿಸಿದರು. ಅಂಟು ಒಣಗಿರಲಿಲ್ಲ.

ಗೇಟಿನ ಬಳಿ ಟಪಾಲಿನವನು ಸೈಕಲ್ಲಿನ ಮೇಲೆ ಒಂದು ಕಾಲೂರಿ ಕಾಯುತ್ತಿದ್ದ. ಆಗ್ಲಿ ಸಾರ್ ಅಂಗಳ ದಾಟುವಾಗ ಮ್ಯಾನೇಜರು ಹಗ್ಗ ಹಿಡಿದು ಬಾಗಿಲಿಗೆ ಬಂದು, ಮುಖದ ತುಂಬ ನಗು ತಂದುಕೊಂಡು, "ಬೇಜಾರು ಮಾಡ್ಕೋಬೇಡಿ. ನಿಮ್ಮಂಥೋರು ಎಲ್ಲಿದ್ರೂ ಚೆನ್ನಾಗಿರ್ತೀರಿ!" ಎಂದು ಕೂಗಿದರು.

ಸಾಸಿವೆ ಎದ್ದಿತು. ಬಾಲ ಗೂಟವಾಯಿತು. ಒಂದು ವರ್ಷ ತನ್ನ ಮೂತಿ ತೊಳೆದ ಮನುಷ್ಯನನ್ನೇ ನೆಟ್ಟ ನೋಟದಿಂದ ನೋಡಿ, ಎಲ್ಲ ಹಲ್ಲೂ ತೋರಿಸಿ ಗುರ್ರ್ ಅಂದಿತು.

ಅಂಗಳದಲ್ಲಿದ್ದವರೆಲ್ಲ ಮ್ಯಾನೇಜರ ನಗುವನ್ನು ನೋಡಿದರು, ನಾಯಿಯ ಹಲ್ಲನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಕಾಲಿನ ಕಡೆ ನೋಡಿಕೊಂಡರು. ಮ್ಯಾನೇಜರು ನಗುತ್ತಲೇ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಗುರ್ ಇನ್ನಷ್ಟು ಜೋರಾಯಿತು.

ಆಗ್ಲಿ ಸಾರ್‌ಗೆ ನಾಯಿಯ ಮೇಲೆ ಬೇಸರವಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮ್ಯಾನೇಜರು ತಮ್ಮೊಡನೆ ಆಡಿದ ಮೊದಲ ನಿಜವಾದ ಮಾತು ಆ ಗುರ್ರೇ. ನಿಂತು, ಪೂರ್ತಿ ಕೇಳಿಸಿಕೊಂಡರು.

"ಕೊನೆಗೂ ಬಂತಾ ಆ ಕಾಗದ?" ಟಪಾಲಿನವನು ಚೀಲದ ಬಾಯಿ ಅಗಲಿಸಿ ಕೇಳಿದ. "ನಾಯಿನ ಕಳಿಸೋದೇ ಆಯ್ತಾ ಸಾರ್?"

"ಇಲ್ಲಪ್ಪ, ನಾಯಿ ಕೆಲಸ ಖಾಯಂ ಆಯ್ತು," ಎಂದು ಹೇಳಿ ಅವರು ಎಂಟು ತಿಂಗಳು ತಡೆದಿದ್ದ ಲಕೋಟೆಯನ್ನು ಚೀಲದೊಳಗೆ ಬಿಟ್ಟರು.