ಕ್ಲೆಟಸ್ ಮೇಷ್ಟರ ಹಾರ್ನ್

"ಇವತ್ತಿನಿಂದ ನಮ್ಮ ಕಾರಿಗೆ ಮೌನವ್ರತ," ಎಂದು ನಿವೃತ್ತ ಇಂಗ್ಲಿಷ್ ಮೇಷ್ಟರಾದ ಕ್ಲೆಟಸ್ ಘೋಷಿಸಿದರು. "ಹಾರ್ನ್ ಇರೋದು ಅಪಾಯ ಬಂದಾಗ ಎಚ್ಚರಿಸೋಕೆ. ನಿಘಂಟು ತೆಗೆದು ನೋಡು. ನಮ್ಮ ಗ್ರೆನಡಾ ದ್ವೀಪದಲ್ಲಿ ಸುಮ್‌ಸುಮ್ನೆ ಪೀಂ ಪೀಂ ಅಂತ ಆ ಪದದ ಮರ್ಯಾದೆ ಕಳೀತಿದ್ದಾರೆ."

"ಅದು ನಾವು ಮಾತಾಡಿಸೋ ರೀತಿ ಕಣ್ರೀ," ಎಂದಳು ಹೆಂಡತಿ ಯುಡೀನ್. "ದಾರೀಲಿ ಸಿಕ್ಕಿದವರಿಗೆ ಪೀಂ ಅನ್ನದೆ ಹೋದ್ರೆ ಜಂಬ ಬಂತು ಅಂತಾರೆ."

"ಅನ್ನಲಿ. ಯಾರಾದರೂ ಒಬ್ಬರು ಭಾಷೆ ಕಾಯಬೇಕಲ್ಲ."

ವಾರ ಕಳೆಯುವಷ್ಟರಲ್ಲಿ ಮೀನು ಮಾರುವ ಮೆರ್ಲಿನ್ ಅವರಿಗೆಂದು ಒಳ್ಳೆಯ ಮೀನು ಎತ್ತಿಡುವುದನ್ನು ಬಿಟ್ಟಳು. ಬಸ್ಸು ಓಡಿಸುವ ಲಿಂಡನ್, ಮೇಷ್ಟರ ಹಳೆಯ ಶಿಷ್ಯನೇ, ಎದುರಾದಾಗ ಮುಖ ತಿರುಗಿಸಿದ. ಮೇಷ್ಟರು ಸೋಲಲಿಲ್ಲ.

ಶನಿವಾರ ಯುಡೀನಳ ತಂಗಿಯ ಮದುವೆ. ಕಳೆದ ಕ್ರಿಸ್ಮಸ್‌ನಿಂದ ರಮ್ಮಿನಲ್ಲಿ ನೆನೆಸಿಟ್ಟಿದ್ದ ಹಣ್ಣುಗಳಿಂದ ಮಾಡಿದ ಕಪ್ಪು ಕೇಕನ್ನು ಯುಡೀನ್ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಿರುವಿನಲ್ಲಿ ಆಡೊಂದು ಅಡ್ಡ ಬಂತು. ನಿಘಂಟು ಹೇಳಿದ ಅಪಾಯ ಇದೇ! ಆದರೆ ಅಭ್ಯಾಸ ತಪ್ಪಿದ ಮೇಷ್ಟರ ಕೈ ಹಾರ್ನ್ ಒತ್ತುವ ಬದಲು ಸ್ಟಿಯರಿಂಗ್ ತಿರುಗಿಸಿತು. ಆಡು ಉಳಿಯಿತು. ಮುಂದಿನ ಚಕ್ರ ಹುಲ್ಲು ಮುಚ್ಚಿದ್ದ ಚರಂಡಿಗೆ ಇಳಿಯಿತು.

"ಈಗ ಒತ್ತಿ," ಎಂದಳು ಯುಡೀನ್, ಕೇಕಿನ ಮೇಲಿನ ಸಕ್ಕರೆ ಲೇಪ ಬಿಸಿಲಿಗೆ ಬೆವರುವುದನ್ನು ನೋಡುತ್ತ.

ಮೇಷ್ಟರು ಒತ್ತಿದರು. ಮೆರ್ಲಿನ್ ಕೂತಿದ್ದ ವ್ಯಾನು ಪೀಂ ಪೀಂ ಎಂದು ಸಂಭ್ರಮದಿಂದ ಉತ್ತರಿಸಿತು. ಕಿಟಕಿಯಿಂದ ಅವಳ ಗಾಳಿಮುತ್ತೊಂದು ತೂರಿ ಬಂತು. ವ್ಯಾನು ಮುಂದೆ ಹೋಯಿತು. ಮೇಷ್ಟರು ಇನ್ನೂ ಜೋರಾಗಿ ಒತ್ತಿದರು. ಹೋಗುವ ವಾಹನಗಳೆಲ್ಲ ಅಷ್ಟೇ ಜೋರಾಗಿ ಕುಶಲ ಕೇಳಿ ಕೈಬೀಸಿ ಹೋದವು.

ಕೊನೆಗೆ ಯುಡೀನ್ ಕೇಕ್ ಹಿಡಿದು ರಸ್ತೆಯ ನಡುವೆ ನಿಂತಳು. ವಾಪಸು ಬರುತ್ತಿದ್ದ ಲಿಂಡನ್ನನ ಬಸ್ಸು ನಿಂತಿತು.

"ಆಗಲೇ ಈ ದಾರೀಲಿ ಹೋದೆಯಲ್ಲೋ, ಹಾರ್ನ್ ಕೇಳಿಸಲಿಲ್ವಾ?" ಎಂದರು ಮೇಷ್ಟರು.

"ಕೇಳಿಸ್ತು ಮೇಷ್ಟ್ರೇ. ನನ್ನಿಂದ ಏನು ತಪ್ಪಾಯ್ತೋ ಅಂತ ವಾರವೆಲ್ಲ ಯೋಚಿಸ್ತಿದ್ದೆ. ಸದ್ಯ, ಮಾತಾಡಿಸಿದ್ರಲ್ಲ ಅಂತ ಖುಷಿಯಾಗಿ ನಾನೂ ಹೊಡೆದೆ."



ಬಸ್ಸಿನವರೆಲ್ಲ ಇಳಿದು ಕಾರನ್ನು ಎತ್ತಿ ರಸ್ತೆಗೆ ಇಟ್ಟರು. ಮುಂದೆ ಹೊರಟ ಬಸ್ಸು ಪೀಂ ಎಂದಿತು. ಮೇಷ್ಟರು ತಕ್ಷಣ ಪೀಂ ಪೀಂ ಎಂದರು.

"ರಸ್ತೆ ಖಾಲಿ ಇದೆ. ಯಾವ ಅಪಾಯ ಬಂತೀಗ?" ಎಂದಳು ಯುಡೀನ್.

"ಸುಮ್ಮನಿದ್ದಿದ್ರೆ ಬರ್ತಿತ್ತು ಕಣೇ," ಎಂದರು ಮೇಷ್ಟರು.