ಬಾಣಂತಿಯ ಸ್ನೋ ಡಬ್ಬಿ

ಮುಖಕ್ಕೆ ಸ್ನೋ ಹಚ್ಚಿಕೊಳ್ಳುವುದು ಅಂಥ ಕಷ್ಟದ ವಿದ್ಯೆಯೇನಲ್ಲ. ಡಬ್ಬಿ ತೆರೆಯಬೇಕು, ಬೆರಳು ಅದ್ದಬೇಕು, ಹಚ್ಚಬೇಕು. ಅಷ್ಟೇ! ಅರವತ್ತರ ದಶಕದ ಒಂದು ಭಾನುವಾರ, ತೀರ್ಥಹಳ್ಳಿಯ ತವರುಮನೆಯಲ್ಲಿ ಎರಡು ತಿಂಗಳ ಬಾಣಂತಿಯಾಗಿದ್ದ ನಾನು ಹೀಗೆಂದು ದೃಢವಾಗಿ ನಂಬಿದ್ದೆ.

ಆ ದಿನ ನಮ್ಮೆಜಮಾನರು ಸಾಗರದಿಂದ ಬರುವವರಿದ್ದರು. ಅವರಿಗೆ ಅಲ್ಲಿ ಮೇಷ್ಟರ ಕೆಲಸ. ಮಗಳ ನಾಮಕರಣಕ್ಕೆ ಬಂದಿದ್ದರು ನಿಜ, ಆದರೆ ಆ ಗದ್ದಲದಲ್ಲಿ ನನಗೆ ಅವರ ಛತ್ರಿ ಕಂಡಿತ್ತೇ ಹೊರತು ಅವರು ಕಂಡಿರಲಿಲ್ಲ. ಆಮೇಲೆ ಬರೀ ಕಾಗದ. ಓದಿ ಓದಿ ಮಡಿಕೆಯ ಹತ್ತಿರ ಅಕ್ಷರಗಳೇ ಸವೆದುಹೋಗಿದ್ದವು. ಅವರನ್ನು ನೋಡಬೇಕು, ಅದಕ್ಕಿಂತ ಹೆಚ್ಚಾಗಿ ಅವರು ನನ್ನನ್ನು ನೋಡಬೇಕು ಅಂತ ಜೀವ ಹಂಬಲಿಸುತ್ತಿತ್ತು. ಹನ್ನೊಂದಕ್ಕೆ ಬಸ್ಸಿಳಿದರೆ ಮೂರಕ್ಕೆ ಹೊಸನಗರದ ಮೇಲೆ ಹೋಗುವ ಬಸ್ಸಿಗೆ ವಾಪಸ್ಸು. ಸಿಗುವುದು ನಾಲ್ಕೇ ಗಂಟೆ!

ಆದರೆ ನನ್ನಲ್ಲಿ ನೋಡಲು ಏನಿತ್ತು? ಅವ್ವ ದಿನಾ ಎಣ್ಣೆ, ಅರಿಶಿನ ತಿಕ್ಕಿ ತಿಕ್ಕಿ ನಾನು ಮಾಗಿದ ಸೌತೆಕಾಯಿಯ ಬಣ್ಣಕ್ಕೆ ತಿರುಗಿದ್ದೆ. ಅದಕ್ಕೇ ಪಕ್ಕದ ಮನೆಯ ಶಾರದೆಯ ಕೈಲಿ ಗುಟ್ಟಾಗಿ ಒಂದು ಸ್ನೋ ಡಬ್ಬಿ ತರಿಸಿದ್ದೆ. ಮುಚ್ಚಳದ ಮೇಲೆ ಗುಲಾಬಿ, ಚಂದ್ರ. ಬಸ್ಸು ಬರುವ ಹೊತ್ತಿಗೆ ಮುಖ, ಕುತ್ತಿಗೆ, ಎದೆಯವರೆಗೂ ಧಾರಾಳವಾಗಿ ಬಳಿದುಕೊಂಡೆ. ಬೆಳ್ಳಗಾಗುವುದನ್ನೇ ಕಾಯುತ್ತಾ ಮಗುವಿಗೆ ಹಾಲು ಕೊಡಲು ಕೂತೆ.

ಮಗು ಬಾಯಿ ಹಾಕಿದ್ದೇ ಮುಖ ಕಿವಿಚಿ ಕಿರುಚತೊಡಗಿತು. ಅವ್ವ ಓಡಿ ಬಂದಳು. ನನ್ನನ್ನು ನೋಡಿ ಮಗುವಿಗಿಂತ ಜೋರಾಗಿ ಕಿರುಚಿದಳು.

"ಅಯ್ಯೋ, ಮೈಯೆಲ್ಲ ಕೆಂಪಾಗಿದ್ಯಲ್ಲೇ! ದಡಾರ ಕಣೇ ಇದು! ಮಗೂನ ಇತ್ಲಾಗಿ ಕೊಡು!"

ನನ್ನ ಬೆರಳು ನೋಡಿಕೊಂಡೆ. ಅವೂ ಕೆಂಪು! ಅಷ್ಟರಲ್ಲಿ ಮಗು ಹೊರಗೆ, ನಾನು ಒಳಗೆ, ಬಾಗಿಲಿಗೆ ಬೇವಿನ ಸೊಪ್ಪು. ಸರಿಯಾಗಿ ಆಗಲೇ ನಮ್ಮೆಜಮಾನರು ಬಂದರು.

"ಒಳಗೆ ಬರ್ಬೇಡಿ! ಅವ್ಳಿಗೆ ದಡಾರ!" ಅಂದಳು ಅವ್ವ.

"ಜ್ವರ ಇದ್ಯಾ? ಊಟ ಮಾಡಿದ್ಲಾ?"

ಎಷ್ಟೋ ದಿನದ ಮೇಲೆ ಕೇಳಿದ ದನಿ, ಮೂರು ಮಾರು ದೂರದಲ್ಲಿ! ನಾನು ಬಾಯಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಗಂಡ ನೋಡಲಿ ಅಂತ ಸ್ನೋ ಹಚ್ಚಿಕೊಂಡೆ ಎಂದು ಅವ್ವನ ಮುಂದೆ ಹೇಳುವುದುಂಟೆ? ದಡಾರವೇ ಮರ್ಯಾದಸ್ಥ ಕಾಯಿಲೆ ಅನ್ನಿಸಿತು.

ಅವರು ಲೇಡಿ ಡಾಕ್ಟರನ್ನು ಹುಡುಕಿಕೊಂಡು ಬಿಸಿಲಲ್ಲಿ ಓಡಿದರು. ಡಾಕ್ಟರಮ್ಮ ಸಿಕ್ಕಿ ಬರುವಷ್ಟರಲ್ಲಿ ಎರಡೂವರೆ. ಹೊರಗೆ ಮಗು ಹಸಿದು ಅಳುತ್ತಿತ್ತು, ಇಲ್ಲಿ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಇನ್ನು ಮರ್ಯಾದೆ ಯಾರಿಗೆ ಬೇಕು? ಡಾಕ್ಟರಮ್ಮ ಒಳಗೆ ಕಾಲಿಟ್ಟಿದ್ದೇ ಡಬ್ಬಿ ಕೈಗಿಟ್ಟೆ.

ಡಾಕ್ಟರಮ್ಮ ನಿಂಬೆ ಹೋಳು ತರಿಸಿ ನನ್ನ ಕೆನ್ನೆಗೆ ಉಜ್ಜಿದರು. ಕೆಂಪು ಹೋಗಿ ಅರಿಶಿನ ವಾಪಸ್ಸು ಬಂತು!

"ಇದ್ರೊಳಗೆ ಏನು ಹಾಕಿದಾರೆ?"

"ಗುಲಾಬಿ... ಚಂದ್ರ..."

"ಚಂದ್ರ ಅರಿಶಿನಾನ ಕೆಂಪು ಮಾಡಲ್ಲ ಕಣಮ್ಮ. ಸೋಡಾನೋ ಬಿಳಿಗಾರಾನೋ ಇರ್ಬೇಕು. ಅರಿಶಿನಕ್ಕೆ ಸುಣ್ಣ ಹಾಕಿ ಕುಂಕುಮ ಮಾಡಲ್ವಾ, ಹಾಗೆ. ಬಸುರೀಲಿ, ಹಾಲೂಡ್ಸೋವಾಗ, ಒಳಗೇನಿದೆ ಅಂತ ಗೊತ್ತಿಲ್ದೇ ಇರೋದನ್ನ ಹಚ್ಕೋಬಾರ್ದು. ಎದೆಗಂತೂ ಬೇಡ್ವೇ ಬೇಡ, ಸೀದಾ ಮಗು ಬಾಯಿಗೆ ಹೋಗತ್ತೆ. ಕೂಸಿಗೆ ನಿನ್ನ ಮೈ ವಾಸನೆ ಸಾಕು."

ಕುತ್ತಿಗೆ, ಎದೆ ತೊಳೆದುಕೊಂಡ ಮೇಲೆ ಮಗು ಗಟಗಟ ಹಾಲು ಕುಡಿಯಿತು. ನನಗೆ ಅಳುವೇ ಬಂತು. ಕೊನೆಗೆ ನಮ್ಮೆಜಮಾನರನ್ನು ಒಳಗೆ ಬಿಟ್ಟಾಗ ಬಸ್ಸಿಗೆ ಐದೇ ನಿಮಿಷ.

ಆ ಐದು ನಿಮಿಷವೂ ಅವರು ಮಗುವಿನ ಕಡೆ ತಿರುಗಲಿಲ್ಲ. ನನ್ನನ್ನೇ, ಕಣ್ಣು ಮಿಟುಕಿಸದೆ, ನನ್ನನ್ನೇ ನೋಡುತ್ತಾ ಕೂತರು.

"ಏನು ಹಾಗೆ ನೋಡ್ತೀರಿ?" ಅಂದೆ, ತಲೆ ತಗ್ಗಿಸಿ.

"ಏನಿಲ್ಲ."

ಹಾರ್ನ್ ಕೇಳಿತು. ಹೋಗುತ್ತಾ ಎರಡು ಸಲ ತಿರುಗಿ ನೋಡಿದರು. ನನ್ನ ಕಣ್ಣು ತುಂಬಿತು. ಆಗ ಅವ್ವ ಬಿಸಿನೀರು ತಂದಿಟ್ಟಳು.

"ಆ ಇನ್ನೊಂದು ಕೆನ್ನೆನೂ ತೊಳ್ಕಳೆ. ಒಂದು ಕಡೆ ಅರಿಶಿನ, ಒಂದು ಕಡೆ ಕುಂಕುಮ! ಪಾಪ, ಅಳಿಯಂದ್ರು ಹೆದರಿ ಮಾತೇ ಆಡ್ಲಿಲ್ಲ!"

ಆ ನೋಟವನ್ನು ನಾನು ವಿರಹ ಅಂದುಕೊಂಡಿದ್ದೆ!